ಸೈಬರ್ ಸುರಕ್ಷತಾ ಕ್ಷೇತ್ರದಲ್ಲಿ ಮಾರಾಟ ಹುದ್ದೆ: ಸಂದರ್ಶನಕ್ಕೆ ಸಿದ್ಧತೆ

ಗಣಕಯಂತ್ರಗಳ ಸುರಕ್ಷತೆ ಎಂದೊಡನೆ ಅದು ಇಂಜಿನಿಯರಿಂಗ್ ಓದಿದವರಿಗೆ ಮಾತ್ರ ಮೀಸಲಾದ ಕ್ಷೇತ್ರವೆಂಬ ಭಾವನೆ ವರ್ತಕ ಸಮುದಾಯದಲ್ಲಿ ಸಾಮಾನ್ಯವಾಗಿದೆ. ಆದರೆ ಯಾವ ಸರಕೂ ತಾನಾಗಿಯೇ ಮಾರಾಟವಾಗುವುದಿಲ್ಲ. ಸುರಕ್ಷತಾ ತಂತ್ರಾಂಶವನ್ನು ತಯಾರಿಸುವವರಿಗೂ ಗ್ರಾಹಕನನ್ನು ಹುಡುಕುವ, ಅವನ ಅಗತ್ಯವನ್ನು ಅರಿಯುವ, ವ್ಯವಹಾರ ಕುದುರಿಸುವ ಜನರು ಬೇಕು. ಈ ಕಾರಣದಿಂದ ಬಿ.ಕಾಂ. ಮತ್ತು ಬಿ.ಬಿ.ಎ. ಪದವೀಧರರಿಗೂ ಇಲ್ಲಿ ಆರಂಭಿಕ ಹುದ್ದೆಗಳು ದೊರೆಯುತ್ತವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಬೆಳೆದ ಮಕ್ಕಳಿಗೆ ಗ್ರಾಹಕನ ಮನಸ್ಸು, ಉದ್ದರಿಯ ಕಷ್ಟ, ವಸೂಲಿಯ ಜಾಣ್ಮೆ ಮೊದಲೇ ತಿಳಿದಿರುತ್ತವೆ. ಆದರೂ ಅವರಲ್ಲಿ ಹಲವರು ಸಿದ್ಧತೆಯ ಕೊರತೆಯಿಂದ ಸಂದರ್ಶನದಲ್ಲಿ ಹಿಂದೆ ಬೀಳುತ್ತಾರೆ. ಆ ಸಿದ್ಧತೆ ಹೇಗಿರಬೇಕೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹುದ್ದೆಯ ಸ್ವರೂಪ

ಆರಂಭಿಕ ಹುದ್ದೆಗೆ ಸಾಮಾನ್ಯವಾಗಿ 'ಸೇಲ್ಸ್ ಡೆವಲಪ್‌ಮೆಂಟ್ ರೆಪ್ರೆಸೆಂಟೇಟಿವ್' ಅಥವಾ 'ಇನ್‌ಸೈಡ್ ಸೇಲ್ಸ್' ಎಂಬ ಹೆಸರಿರುತ್ತದೆ. ಈ ನೌಕರನು ಸರಕನ್ನು ನೇರವಾಗಿ ಮಾರಿ ಬಿಲ್ಲು ಹರಿಯುವುದು ಕಡಿಮೆ. ದೂರವಾಣಿ ಮತ್ತು ಇ-ಮೇಲ್ ಮೂಲಕ ಸಂಭಾವ್ಯ ಗ್ರಾಹಕರನ್ನು ಹುಡುಕಿ, ಅವರಿಗೆ ನಿಜವಾದ ಅಗತ್ಯವಿದೆಯೇ ಎಂದು ಪರೀಕ್ಷಿಸಿ, ಹಿರಿಯ ಮಾರಾಟಗಾರರೊಡನೆ ಭೇಟಿ ಏರ್ಪಡಿಸುವುದು ಅವನ ಮುಖ್ಯ ಕೆಲಸ. ದಿನಕ್ಕೆ ಹತ್ತಾರು ಕರೆಗಳನ್ನು ಮಾಡಬೇಕಾಗುತ್ತದೆ. ಬಹುಪಾಲು ಕರೆಗಳಿಗೆ 'ಬೇಡ' ಎಂಬ ಉತ್ತರವೇ ಬರುತ್ತದೆ. ಆದುದರಿಂದ ಸಂದರ್ಶಕರು ತಾಂತ್ರಿಕ ಪಾಂಡಿತ್ಯಕ್ಕಿಂತ ತಾಳ್ಮೆ, ಸ್ಪಷ್ಟವಾದ ಮಾತು ಮತ್ತು ಕಲಿಯುವ ಮನಸ್ಸನ್ನು ಹೆಚ್ಚಾಗಿ ಗಮನಿಸುತ್ತಾರೆ.

ಮಾರಾಟದ ಸರಪಳಿ

ಔಷಧ ಅಥವಾ ಎಣ್ಣೆ ವ್ಯಾಪಾರದಲ್ಲಿರುವಂತೆ ಇಲ್ಲಿಯೂ ತಯಾರಕ, ವಿತರಕ, ಮರುಮಾರಾಟಗಾರ ಮತ್ತು ಗ್ರಾಹಕ ಎಂಬ ಸರಪಳಿ ಇದೆ. ಅಮೆರಿಕದ ಫೋರ್ಟಿನೆಟ್ ಮತ್ತು ಪಾಲೊ ಆಲ್ಟೊ ನೆಟ್‌ವರ್ಕ್ಸ್, ಇಸ್ರೇಲಿನ ಚೆಕ್ ಪಾಯಿಂಟ್, ಬ್ರಿಟನ್ನಿನ ಸೋಫೋಸ್, ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮೊದಲಾದವು ತಯಾರಕ ಸಂಸ್ಥೆಗಳು. ಜಿಲ್ಲಾ ಕೇಂದ್ರಗಳಲ್ಲಿ ಗಣಕಯಂತ್ರ ಮಾರುವ ಹಲವು ವರ್ತಕರು ಇಂತಹ ಸಂಸ್ಥೆಗಳ ಮರುಮಾರಾಟಗಾರರಾಗಿದ್ದಾರೆ. ತಾನು ಅರ್ಜಿ ಹಾಕಿರುವ ಸಂಸ್ಥೆಯು ಈ ಸರಪಳಿಯ ಯಾವ ಕೊಂಡಿ ಎಂಬುದನ್ನು ಅಭ್ಯರ್ಥಿಯು ಮೊದಲೇ ತಿಳಿದುಕೊಳ್ಳಬೇಕು.

ಇನ್ನೊಂದು ಮುಖ್ಯ ಅಂಶವೆಂದರೆ ಆದಾಯದ ರೀತಿ. ಸುರಕ್ಷತಾ ತಂತ್ರಾಂಶವನ್ನು ಬಹುತೇಕ ವಾರ್ಷಿಕ ಚಂದಾ ರೂಪದಲ್ಲಿ ಮಾರಲಾಗುತ್ತದೆ. ಮೊದಲ ಮಾರಾಟಕ್ಕಿಂತ ಪ್ರತಿ ವರ್ಷದ ನವೀಕರಣವೇ ಸಂಸ್ಥೆಯ ಜೀವಾಳ. ಷೇರುಪೇಟೆಯಲ್ಲಿ ನೋಂದಾಯಿತವಾದ ಸಂಸ್ಥೆಯಾದರೆ ಅದರ ವಾರ್ಷಿಕ ವರದಿಯನ್ನು ಓದಿ, ಆದಾಯದಲ್ಲಿ ಉಪಕರಣದ ಪಾಲೆಷ್ಟು, ಸೇವೆ ಮತ್ತು ಚಂದಾದ ಪಾಲೆಷ್ಟು ಎಂದು ಗುರುತಿಸಿಕೊಂಡು ಹೋಗುವುದು ಒಳ್ಳೆಯದು. ಲೆಕ್ಕಪತ್ರ ಓದಬಲ್ಲ ವಾಣಿಜ್ಯ ಪದವೀಧರನು ತನ್ನ ಓದಿನ ಪ್ರಯೋಜನವನ್ನು ಇಲ್ಲಿಯೇ ತೋರಿಸಬಹುದು.

ತಿಳಿದಿರಬೇಕಾದ ತಾಂತ್ರಿಕ ವಿಷಯಗಳು

ಈ ಕೆಳಗಿನ ಐದು ವಿಷಯಗಳನ್ನು ಸರಳ ಮಾತಿನಲ್ಲಿ ವಿವರಿಸಲು ಬಂದರೆ ಆರಂಭಕ್ಕೆ ಸಾಕು.

1. ಫೈರ್‌ವಾಲ್: ಕಚೇರಿಯ ಜಾಲಕ್ಕೂ ಹೊರಗಿನ ಅಂತರಜಾಲಕ್ಕೂ ನಡುವೆ ನಿಂತು ಒಳಬರುವುದನ್ನೂ ಹೊರಹೋಗುವುದನ್ನೂ ತಪಾಸಣೆ ಮಾಡುವ ವ್ಯವಸ್ಥೆ. ಗೋದಾಮಿನ ಬಾಗಿಲಲ್ಲಿರುವ ಕಾವಲುಗಾರನಂತೆ.

2. ಎಂಡ್‌ಪಾಯಿಂಟ್ ರಕ್ಷಣೆ: ಪ್ರತಿಯೊಂದು ಗಣಕಯಂತ್ರದೊಳಗೆ ಕೆಲಸ ಮಾಡುವ ರಕ್ಷಣೆ. ಹಳೆಯ ಆ್ಯಂಟಿವೈರಸ್ ಗೊತ್ತಿರುವ ವೈರಸ್‌ಗಳ ಪಟ್ಟಿಯನ್ನು ಹೆಚ್ಚಾಗಿ ಅವಲಂಬಿಸಿತ್ತು; ಹೊಸ ಬಗೆಯವು ಕಡತಗಳ ಸಂಶಯಾಸ್ಪದ ವರ್ತನೆಯನ್ನೂ ಗಮನಿಸುತ್ತವೆ.

3. ಫಿಶಿಂಗ್: ಬ್ಯಾಂಕು ಅಥವಾ ಸರಬರಾಜುದಾರರ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ ಗುಪ್ತಪದ ಅಥವಾ ಹಣವನ್ನು ದೋಚುವ ಉಪಾಯ.

4. ರಾನ್ಸಮ್‌ವೇರ್: ಕಡತಗಳನ್ನು ತೆರೆಯಲಾಗದಂತೆ ಗೂಢಲಿಪಿಗೆ ಬದಲಿಸಿ ಒತ್ತೆಹಣ ಕೇಳುವ ದುಷ್ಟ ತಂತ್ರಾಂಶ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಹಲವು ದೇಶಗಳ ಆಸ್ಪತ್ರೆಗಳನ್ನೂ ಕಾರ್ಖಾನೆಗಳನ್ನೂ ಸ್ತಬ್ಧಗೊಳಿಸಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ಒದಗಿಸಿತ್ತು. ಅದನ್ನು ಅಳವಡಿಸಿಕೊಳ್ಳದವರು ಹಾನಿಗೊಳಗಾದರು.

5. ಎರಡು ಹಂತದ ದೃಢೀಕರಣ ಮತ್ತು ಬ್ಯಾಕಪ್: ಗುಪ್ತಪದದ ಜೊತೆಗೆ ಮತ್ತೊಂದು ಪುರಾವೆ ಕೇಳುವುದು; ದತ್ತಾಂಶದ ಪ್ರತಿಯನ್ನು ಜಾಲದಿಂದ ಬೇರ್ಪಡಿಸಿದ ಸ್ಥಳದಲ್ಲಿ ಇಡುವುದು.

ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಪ್ರಾಥಮಿಕ ಪಾಠಗಳು ಅಂತರಜಾಲದಲ್ಲಿ ಉಚಿತವಾಗಿ ಲಭ್ಯವಿವೆ. ಆರಂಭಿಕ ಮಾರಾಟ ಹುದ್ದೆಗಾಗಿ ದುಬಾರಿ ಶುಲ್ಕ ತೆತ್ತು ಪ್ರಮಾಣಪತ್ರ ಗಳಿಸುವ ಅಗತ್ಯವಿಲ್ಲ.

ಕಾನೂನಿನ ಅರಿವು

ಗ್ರಾಹಕನು ಖರೀದಿಗೆ ಮುಂದಾಗಲು ಕಾನೂನಿನ ಒತ್ತಾಯವೂ ಒಂದು ಕಾರಣ. ಕೇಂದ್ರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಗಳ ಚಟುವಟಿಕೆ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದೆ ದತ್ತಾಂಶ ಸೋರಿಕೆಯಾದಲ್ಲಿ 250 ಕೋಟಿ ರೂ.ಗಳವರೆಗೆ ದಂಡಕ್ಕೆ ಅವಕಾಶ ಕಲ್ಪಿಸಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಪ್ರಧಾನ ಹೊಣೆಗಾರಿಕೆಗಳಿಗೆ ಅವುಗಳಲ್ಲಿ 18 ತಿಂಗಳ ಕಾಲಾವಕಾಶ ನೀಡಲಾಯಿತು. 250 ಕೋಟಿ ಎಂಬುದು ಗರಿಷ್ಠ ಮಿತಿಯೇ ಹೊರತು ಪ್ರತಿಯೊಬ್ಬ ಚಿಲ್ಲರೆ ವರ್ತಕನಿಗೂ ಬೀಳುವ ದಂಡವಲ್ಲ. ಈ ವ್ಯತ್ಯಾಸವನ್ನು ಮರೆಮಾಚಿ ಹೆದರಿಸುವ ಅಭ್ಯರ್ಥಿಯನ್ನು ಜವಾಬ್ದಾರಿಯುತ ಸಂಸ್ಥೆಗಳು ಒಪ್ಪುವುದಿಲ್ಲ.

ಸಂದರ್ಶನದ ಪ್ರಶ್ನೆಗಳು

'ಮಾರಾಟವನ್ನೇ ಏಕೆ ಆರಿಸಿಕೊಂಡಿರಿ?', 'ಸುರಕ್ಷತಾ ಕ್ಷೇತ್ರವೇ ಏಕೆ?', 'ನಮ್ಮ ಸಂಸ್ಥೆಯ ಉತ್ಪನ್ನ ಯಾವುದು, ಪ್ರತಿಸ್ಪರ್ಧಿಗಳು ಯಾರು?', 'ಸೋಲನ್ನು ಹೇಗೆ ಎದುರಿಸಿದಿರಿ?' ಎಂಬ ಪ್ರಶ್ನೆಗಳು ಸಾಮಾನ್ಯ. ಉತ್ತರಗಳಲ್ಲಿ ನಿಜವಾದ ಅನುಭವವಿರಬೇಕು. ತಂದೆಯ ಅಂಗಡಿಯಲ್ಲಿ ಬಾಕಿ ವಸೂಲಿಗೆ ಹೋದುದು, ಕಾಲೇಜಿನ ಸಮಾರಂಭಕ್ಕೆ ಜಾಹೀರಾತು ಸಂಗ್ರಹಿಸಿದುದು, ಎಷ್ಟು ಜನರನ್ನು ಕೇಳಿದಾಗ ಎಷ್ಟು ಜನ ಒಪ್ಪಿದರೆಂಬ ಲೆಕ್ಕ ಇವೆಲ್ಲವೂ ಹೇಳತಕ್ಕ ಸಂಗತಿಗಳೇ.

ಹಲವೆಡೆ ಸಂದರ್ಶಕರೇ ಗ್ರಾಹಕರಂತೆ ಅಭಿನಯಿಸಿ, ಅಭ್ಯರ್ಥಿಯಿಂದ ಅಣಕು ಕರೆ ಮಾಡಿಸುತ್ತಾರೆ. ಅಕ್ಕಿ ಗಿರಣಿಯ ಮಾಲೀಕರೊಬ್ಬರು 'ನಮ್ಮಲ್ಲಿ ಆ್ಯಂಟಿವೈರಸ್ ಇದೆ, ಬೇರೇನೂ ಬೇಡ' ಎಂದರೆನ್ನೋಣ. ಉತ್ಪನ್ನದ ಗುಣಗಾನ ಆರಂಭಿಸುವುದು ಇಲ್ಲಿ ತಪ್ಪು ದಾರಿ. 'ಸಂತೋಷ ಸರ್. ನಿಮ್ಮ ಟ್ಯಾಲಿ ಲೆಕ್ಕದ ಬ್ಯಾಕಪ್ ಎಲ್ಲಿ ಇಟ್ಟಿದ್ದೀರಿ? ಅದನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?' ಎಂದು ಕೇಳುವುದು ಮೇಲು. ಬ್ಯಾಕಪ್ ಸಹ ಅದೇ ಯಂತ್ರದಲ್ಲಿದೆ ಎಂಬ ಉತ್ತರ ಬಂದರೆ ಅಗತ್ಯವು ತಾನಾಗಿಯೇ ಹೊರಬೀಳುತ್ತದೆ.

ಸಂಭಾವ್ಯ ಗ್ರಾಹಕನನ್ನು ಅಳೆಯಲು ನಾಲ್ಕು ಮಾನದಂಡಗಳು ಬಳಕೆಯಲ್ಲಿವೆ: ಹಣದ ಅನುಕೂಲ ಇದೆಯೇ, ನಿರ್ಧಾರ ಯಾರದು, ಅಗತ್ಯವೇನು, ಖರೀದಿ ಯಾವಾಗ. ಕರೆಯ ಕೊನೆಗೆ ಈ ನಾಲ್ಕಕ್ಕೂ ಉತ್ತರ ಪಡೆದು, ಮುಂದಿನ ಭೇಟಿಯ ದಿನಾಂಕ ಗೊತ್ತುಪಡಿಸಿದ ಅಭ್ಯರ್ಥಿ ಪರೀಕ್ಷೆಯಲ್ಲಿ ಗೆದ್ದಂತೆಯೇ. ಗೊತ್ತಿಲ್ಲದ ತಾಂತ್ರಿಕ ಪ್ರಶ್ನೆ ಬಂದಲ್ಲಿ 'ವಿಚಾರಿಸಿ ನಾಳೆ ತಿಳಿಸುತ್ತೇನೆ' ಎನ್ನುವುದು ಕಲ್ಪಿತ ಉತ್ತರಕ್ಕಿಂತ ಎಷ್ಟೋ ಮೇಲು.

ಸಂಬಳದ ಲೆಕ್ಕ

ಮಾರಾಟ ಹುದ್ದೆಗಳಲ್ಲಿ ಸಂಬಳವು ನಿಶ್ಚಿತ ಮತ್ತು ಅನಿಶ್ಚಿತ ಎಂದು ಎರಡು ಭಾಗಗಳಾಗಿರುತ್ತದೆ. ಉದಾಹರಣೆಗೆ ವಾರ್ಷಿಕ ಒಟ್ಟು ವೆಚ್ಚ 4,80,000 ರೂ. ಎಂದು ಹೇಳಲಾಗಿದ್ದು, ಅದರಲ್ಲಿ 1,20,000 ರೂ. ಗುರಿ ಸಾಧಿಸಿದರೆ ಮಾತ್ರ ಸಿಗುವ ಪ್ರೋತ್ಸಾಹಧನವೆಂದು ಭಾವಿಸೋಣ. ಉಳಿದ ನಿಶ್ಚಿತ ಭಾಗ 3,60,000 ರೂ. ಮೂಲವೇತನ ತಿಂಗಳಿಗೆ 15,000 ರೂ. ಆದರೆ ಶೇ. 12ರಂತೆ ಉದ್ಯೋಗದಾತನ ಭವಿಷ್ಯನಿಧಿ ವಂತಿಗೆ 21,600 ರೂ., ಶೇ. 4.81ರಂತೆ ಗ್ರಾಚ್ಯುಯಿಟಿ 8,658 ರೂ. ಅದರಲ್ಲಿಯೇ ಅಡಗಿರುತ್ತದೆ. ಉಳಿಯುವುದು 3,29,742 ರೂ., ಅಂದರೆ ತಿಂಗಳಿಗೆ ಸುಮಾರು 27,480 ರೂ. ನೌಕರನ ಪಾಲಿನ ಭವಿಷ್ಯನಿಧಿ 1,800 ರೂ. ಮತ್ತು ವೃತ್ತಿ ತೆರಿಗೆ 200 ರೂ. ಕಳೆದರೆ ಕೈಗೆ ಬರುವುದು ಸುಮಾರು 25,480 ರೂ. ಒಟ್ಟು ವೆಚ್ಚವನ್ನು 12ರಿಂದ ಭಾಗಿಸಿ 40,000 ರೂ. ಸಂಬಳವೆಂದು ನಂಬಿ, ಬೆಂಗಳೂರಿನಲ್ಲಿ ಮನೆ ಹಿಡಿದ ಯುವಕನ ಪಾಡನ್ನು ಊಹಿಸಬಹುದು.

ಪ್ರೋತ್ಸಾಹಧನದ ಷರತ್ತನ್ನೂ ಕೇಳಿ ತಿಳಿಯಬೇಕು. ತ್ರೈಮಾಸಿಕ 30,000 ರೂ.ಗಳಲ್ಲಿ ಶೇ. 60 ಗುರಿ ಸಾಧಿಸಿದವನಿಗೆ ಪ್ರಮಾಣಾನುಸಾರ 18,000 ರೂ. ಸಿಗಬಹುದು, ಕನಿಷ್ಠ ಶೇ. 70 ಸಾಧನೆ ಕಡ್ಡಾಯವಿದ್ದಲ್ಲಿ ಏನೂ ಸಿಗದಿರಬಹುದು. ಗುರಿಯನ್ನು ಅಳೆಯುವುದು ಏರ್ಪಡಿಸಿದ ಭೇಟಿಗಳ ಸಂಖ್ಯೆಯಿಂದಲೋ ಮಾರಾಟದ ಮೊತ್ತದಿಂದಲೋ ಎಂಬುದೂ ಲಿಖಿತವಾಗಿರಬೇಕು. ಇದನ್ನು ವಿನಯದಿಂದ ವಿಚಾರಿಸುವುದು ಅವಿನಯವಲ್ಲ. ಲೆಕ್ಕ ಕೇಳಬಲ್ಲವನೇ ಲೆಕ್ಕ ಒಪ್ಪಿಸಬಲ್ಲ.

ಎಚ್ಚರಿಕೆ

ನೇಮಕಾತಿಗೆ ಮುನ್ನ ತರಬೇತಿ ಶುಲ್ಕ, ಠೇವಣಿ ಅಥವಾ ನೋಂದಣಿ ಹಣ ಕೇಳುವವರಿಂದ ದೂರವಿರಬೇಕು. ಮೂಲ ಅಂಕಪಟ್ಟಿಗಳನ್ನು ಯಾರ ವಶಕ್ಕೂ ಕೊಡಬಾರದು. ನಿಗದಿತ ಅವಧಿಗೆ ಮುಂಚೆ ಬಿಟ್ಟರೆ ಹಣ ತೆರಬೇಕೆಂಬ ಕರಾರಿದ್ದಲ್ಲಿ ಸಹಿ ಹಾಕುವ ಮೊದಲು ಹಿರಿಯರಿಗೆ ತೋರಿಸಬೇಕು. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವರ್ತಕರಿಗೊಂದು ಮಾತು

ಗಣಕಯಂತ್ರ ಮಾರಾಟದಲ್ಲಿರುವ ವರ್ತಕರು ತಾವೇ ಇಂತಹ ಯುವಕರನ್ನು ನೇಮಿಸಿಕೊಳ್ಳುವಾಗಲೂ ಮೇಲಿನ ಪ್ರಶ್ನೆಗಳನ್ನು ಬಳಸಬಹುದು. ಖರೀದಿಸುವ ಕೈಗಾರಿಕೋದ್ಯಮಿಗಳಿಗೂ ಇವು ಉಪಯುಕ್ತ: ಬಂದ ಪ್ರತಿನಿಧಿಯು ಮೊದಲು ನಿಮ್ಮ ವ್ಯವಹಾರವನ್ನು ವಿಚಾರಿಸುತ್ತಾನೆಯೇ ಅಥವಾ ದರಪಟ್ಟಿಯನ್ನು ಮುಂದಿಡುತ್ತಾನೆಯೇ, ಎರಡನೆಯ ವರ್ಷದ ನವೀಕರಣ ದರವನ್ನು ಕೇಳದೆಯೇ ತಿಳಿಸುತ್ತಾನೆಯೇ ಎಂದು ಗಮನಿಸಿದರೆ ಸಾಕು. ಮಾರುವವನಲ್ಲಿ ನಂಬಿಕೆ ಹೋದರೆ ಗ್ರಾಹಕನು ನಿಜವಾಗಿ ಬೇಕಾದ ರಕ್ಷಣೆಯನ್ನೂ ಕೊಳ್ಳದೆ ಉಳಿಯುತ್ತಾನೆ. ಅದರ ನಷ್ಟ ಇಬ್ಬರಿಗೂ ತಟ್ಟುತ್ತದೆ. ಮನೆಯ ಮಕ್ಕಳನ್ನು ಈ ಕ್ಷೇತ್ರಕ್ಕೆ ಕಳುಹಿಸುವ ಹಿರಿಯರು ಮೊದಲು ಕಲಿಸಬೇಕಾದುದೂ ಇದನ್ನೇ.