ಕುತ್ತಿಗೆಯ ಸಣ್ಣ ಗಂಟು: ಕೂಡಲೇ ಆಪರೇಶನ್ ಬೇಕೇ?

ಕ್ಯಾನ್ಸರ್ ಎಂಬ ಮಾತು ಬಂದೊಡನೆ ಮನೆಯವರ ಊಟ ನಿದ್ದೆ ಹಾರಿಹೋಗುತ್ತದೆ. ಬೇರೆ ಯಾವುದೋ ಕಾರಣಕ್ಕೆ ಕುತ್ತಿಗೆಯ ಸ್ಕ್ಯಾನ್ ಮಾಡಿಸಿದಾಗ ಥೈರಾಯ್ಡ್ ಗ್ರಂಥಿಯಲ್ಲಿ ಏಳೆಂಟು ಮಿಲಿಮೀಟರಿನ ಗಂಟು ಕಾಣುತ್ತದೆ. ಸೂಜಿ ಪರೀಕ್ಷೆಯಲ್ಲಿ ‘ಪ್ಯಾಪಿಲರಿ ಕ್ಯಾನ್ಸರ್’ ಎಂದು ಬರುತ್ತದೆ. ಆಗ ಎಲ್ಲರೂ ಕೇಳುವುದು, ಆಪರೇಶನ್ ಯಾವಾಗ ಎಂದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಗಂಟು ಮುಂದೆ ಹೇಗೆ ವರ್ತಿಸೀತು?

ಪ್ರಿಯ ಓದುಗರೇ, 1985ರಲ್ಲಿ ಫಿನ್ಲೆಂಡಿನಿಂದ ಒಂದು ಅಚ್ಚರಿಯ ವರದಿ ಬಂತು. ಮೃತಪಟ್ಟ 101 ಮಂದಿಯ ಥೈರಾಯ್ಡ್ ಗ್ರಂಥಿಗಳನ್ನು ತೆಳುವಾಗಿ ಸೀಳಿ ನೋಡಿದಾಗ, ಮೂರರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿಯಲ್ಲಿ ಈ ಜಾತಿಯ ಪುಟ್ಟ ಕ್ಯಾನ್ಸರ್ ಸಿಕ್ಕಿತು. ಬದುಕಿರುವಾಗ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಸುಮ್ಮನಿರುತ್ತದೆ. ದಕ್ಷಿಣ ಕೊರಿಯಾದಲ್ಲಿ ಸ್ಕ್ಯಾನ್ ಮಾಡಿಸುವುದು ರೂಢಿಯಾದ ಮೇಲೆ, 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ರದಕ್ಕಿಂತ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಇಷ್ಟೊಂದು ಕುತ್ತಿಗೆಗಳನ್ನು ಕೊಯ್ದು ಉಳಿಸಿದ್ದೇನು ಎಂದು ಅಲ್ಲಿಯ ವೈದ್ಯರೇ ಕೇಳತೊಡಗಿದರು.

ಈ ಪ್ರಶ್ನೆಯನ್ನು ಬಹಳ ಮೊದಲೇ ಕೇಳಿದವರು ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯ ಡಾ. ಅಕಿರಾ ಮಿಯಾವುಚಿ. ಒಂದು ಸೆಂಟಿಮೀಟರು ಮೀರದ, ಅಪಾಯದ ಲಕ್ಷಣವಿಲ್ಲದ ಗಂಟುಗಳನ್ನು ಕೊಯ್ಯದೆ, ನಿಯಮಿತವಾಗಿ ಸ್ಕ್ಯಾನ್ ಮಾಡುತ್ತಾ ಕಾಯೋಣ ಎಂದರು ಅವರು. 1993ರಲ್ಲಿ ಇದು ಶುರುವಾಯಿತು. 2014ರಲ್ಲಿ 1,235 ಮಂದಿಯ ಫಲಿತಾಂಶ ಹೊರಬಂತು. ಹತ್ತು ವರ್ಷಗಳಲ್ಲಿ ಗಂಟು 3 ಮಿಲಿಮೀಟರಿನಷ್ಟಾದರೂ ಬೆಳೆದದ್ದು ಶೇಕಡಾ 8ರಷ್ಟು ಜನರಲ್ಲಿ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿದ್ದು ಶೇಕಡಾ 3.8ರಷ್ಟು ಜನರಲ್ಲಿ. ಈ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ಗಂಟು ಬೆಳೆದ ಮೇಲೆ ಆಪರೇಶನ್ ಮಾಡಿಸಿಕೊಂಡವರಿಗೂ ಕಾದದ್ದರಿಂದ ಜೀವಕ್ಕೆ ಕುತ್ತು ಬರಲಿಲ್ಲ.

ಹಾಗಾದರೆ ಯಾವುದು ಸುಮ್ಮನಿರುತ್ತದೆ, ಯಾವುದು ಕೆರಳುತ್ತದೆ? ಇಲ್ಲಿ ನಮ್ಮ ಎಣಿಕೆ ತಲೆಕೆಳಗಾಗುತ್ತದೆ. ವಯಸ್ಸಾದವರಿಗೆ ಅಪಾಯ ಹೆಚ್ಚೆಂದು ನಾವು ಭಾವಿಸುತ್ತೇವೆ. ಆದರೆ ಅಲ್ಲಿ ಕಂಡದ್ದು, ಅರವತ್ತು ದಾಟಿದವರಲ್ಲಿ ಈ ಪುಟ್ಟ ಗಂಟು ಬೆಳೆಯುವುದು ಅತಿ ಕಡಿಮೆ, ನಲವತ್ತರೊಳಗಿನವರಲ್ಲಿ ತುಸು ಹೆಚ್ಚು. ಗಂಟು ಇರುವ ಜಾಗವೂ ಮುಖ್ಯ. ಶ್ವಾಸನಾಳಕ್ಕೆ ಅಂಟಿಕೊಂಡಿದ್ದರೆ, ಧ್ವನಿಯ ನರದ ಹಾದಿಯಲ್ಲಿದ್ದರೆ, ದುಗ್ಧಗ್ರಂಥಿ ಊದಿದ್ದರೆ, ಸ್ವರ ಒಡೆದಿದ್ದರೆ ಕಾಯುವ ಮಾತಿಲ್ಲ.

ಜೀನ್ ಪರೀಕ್ಷೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ‘ಬ್ರಾಫ್’ ಎಂಬ ಜೀನಿನ ಬದಲಾವಣೆ ತೆಪ್ಪಗಿರುವ ಗಂಟುಗಳಲ್ಲಿಯೂ ಸಾಮಾನ್ಯ. ಆದ್ದರಿಂದ ಅದೊಂದನ್ನೇ ನೋಡಿ ಭವಿಷ್ಯ ಹೇಳಲಾಗದು. ಅದರ ಜೊತೆ ‘ಟರ್ಟ್’ ಎಂಬ ಇನ್ನೊಂದು ಬದಲಾವಣೆಯೂ ಸೇರಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಆದರೆ ಇಷ್ಟು ಸಣ್ಣ ಗಂಟುಗಳಲ್ಲಿ ಅದು ಅಪರೂಪ. ನನಗನ್ನಿಸುವಂತೆ, ಸಾಲ ಮಾಡಿ ಈ ಪರೀಕ್ಷೆ ಮಾಡಿಸುವುದಕ್ಕಿಂತ ಆರು ತಿಂಗಳ ನಂತರದ ಸ್ಕ್ಯಾನ್ ಹೆಚ್ಚು ಹೇಳುತ್ತದೆ.

ಆಪರೇಶನ್ ತಪ್ಪೆಂದಲ್ಲ. ಆದರೆ ಇಡೀ ಗ್ರಂಥಿ ತೆಗೆದರೆ ಬದುಕಿಡೀ ಬೆಳಗ್ಗೆ ಬರಿಹೊಟ್ಟೆಗೆ ಮಾತ್ರೆ ನುಂಗಬೇಕು. ಕೆಲವರಿಗೆ ಸುಣ್ಣದಂಶ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತದೆ, ಕೆಲವರ ಸ್ವರ ಬದಲಾಗುತ್ತದೆ. ಪೂಜೆಯಲ್ಲಿ ಹಾಡುವವರಿಗೆ, ಪಾಠ ಹೇಳುವ ಟೀಚರಿಗೆ ಇದು ಸಣ್ಣ ವಿಷಯವಲ್ಲ. ಇನ್ನು ಕೆಲವರಿಗೆ ಗಂಟು ಒಳಗಿದೆ ಎಂಬ ಯೋಚನೆಯೇ ನಿದ್ದೆಗೆಡಿಸುತ್ತದೆ. ಅಂಥವರು ಆಪರೇಶನ್ ಆರಿಸಿಕೊಂಡರೆ ಯಾರೂ ಹಗುರವಾಗಿ ಮಾತಾಡಬಾರದು.

ಕಾಯುವುದೆಂದರೆ ಮರೆತುಬಿಡುವುದಲ್ಲ. ಮೊದಮೊದಲು ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ಸ್ಕ್ಯಾನ್ ಆಗಲೇಬೇಕು. ನಮ್ಮ ಕಾಸರಗೋಡಿನವರು ಒಮ್ಮೆ ಮಂಗಳೂರಿಗೆ, ಇನ್ನೊಮ್ಮೆ ತಲಶ್ಶೇರಿಗೆ ಹೋಗುವುದುಂಟು. ಅಳೆಯುವ ಕೈ ಬದಲಾದರೆ ಒಂದೆರಡು ಮಿಲಿಮೀಟರು ಹೆಚ್ಚುಕಮ್ಮಿಯಾಗಿ, ಬೆಳೆಯದ ಗಂಟೂ ಬೆಳೆದಂತೆ ತೋರಬಹುದು. ಸಾಧ್ಯವಾದಷ್ಟು ಒಂದೇ ಕಡೆ ಮಾಡಿಸಿ, ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು ಪ್ರತಿಸಲ ಕೊಂಡೊಯ್ಯಿರಿ. ಹೋದಾಗ ವೈದ್ಯರಲ್ಲಿ ಕೇಳಿ: ಗಂಟು ಎಷ್ಟು ದೊಡ್ಡದು, ಶ್ವಾಸನಾಳಕ್ಕೂ ನರಕ್ಕೂ ಎಷ್ಟು ಹತ್ತಿರ, ನನ್ನ ವಯಸ್ಸಿಗೆ ಕಾಯಬಹುದೇ?