ಚಾಕಿ ಕಾಲದ ಏಟು

ಮಂಡಿಕಲ್, ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರಿಗೆ ಚಾಕಿಯ, ಅಂದರೆ ಎಳೆಹುಳು ಸಾಕಣೆಯ, ಬೆಲೆ ಗೊತ್ತು. ಎರಡನೇ ಜ್ವರ (ಪೊರೆ ಕಳಚುವ ಹಂತ) ಮುಗಿಯುವ ತನಕ ಮರಿಹುಳುವಿಗೆ 27–28 ಡಿಗ್ರಿ ಶಾಖ, ಶೇ 85–90ರಷ್ಟು ತೇವ, ಎಳೇ ಸೊಪ್ಪು ಬೇಕು. ಅಲ್ಲಿ ಎಡವಿದರೆ ಮುಂದೆ ಎಷ್ಟು ಸೊಪ್ಪು ಸುರಿದರೂ ಗೂಡು ತೂಕ ಬಾರದು. ಮನುಷ್ಯರ ಮಕ್ಕಳ ಮೈಗೂ ಇಂಥದೊಂದು ಚಾಕಿ ಕಾಲವಿದೆ ಎಂಬುದು ವಿಜ್ಞಾನಕ್ಕೆ ಮನದಟ್ಟಾಗಲು ಮುಕ್ಕಾಲು ಶತಮಾನವೇ ಹಿಡಿಯಿತು.

1936ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿ ಹಾನ್ಸ್ ಸೆಲ್ಯೆ, ಚಳಿಯಾಗಲಿ ಗಾಯವಾಗಲಿ ವಿಷವಾಗಲಿ, ಇಲಿಯ ಮೈ ಒಂದೇ ಬಗೆಯಲ್ಲಿ ತತ್ತರಿಸುವುದನ್ನು ಕಂಡರು: ಮೂತ್ರಪಿಂಡದ ನೆತ್ತಿಯ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು. ಅಪಾಯ ಕಂಡೊಡನೆ ಮಿದುಳಿನಿಂದ ಆ ಗ್ರಂಥಿಗೆ ಆಜ್ಞೆ ಹೋಗುತ್ತದೆ, ಒತ್ತಡದ ಹಾರ್ಮೋನು ಕಾರ್ಟಿಸಾಲ್ ರಕ್ತಕ್ಕಿಳಿಯುತ್ತದೆ, ಸಕ್ಕರೆ ಏರುತ್ತದೆ. ಇನ್ನು ಸಾಕೆಂದು ಬ್ರೇಕ್ ಹಾಕುವುದು ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿರುವ, ಕಾರ್ಟಿಸಾಲನ್ನು ಗುರುತಿಸುವ ಗ್ರಾಹಕಗಳು. ಅದೇ ಊರಿನ ಮೈಕೆಲ್ ಮೀನಿ ತಂಡ 1997ರಲ್ಲಿ ತೋರಿಸಿದಂತೆ, ತಾಯಿ ಹೆಚ್ಚು ನೆಕ್ಕಿ ಸಾಕಿದ ಇಲಿಮರಿಗಳಲ್ಲಿ ಈ ಗ್ರಾಹಕಗಳು ಹೆಚ್ಚು. ಮರಿಗಳನ್ನು ಅದಲುಬದಲು ಮಾಡಿದಾಗ ಅವು ಹೆತ್ತವಳನ್ನಲ್ಲ, ಸಾಕಿದವಳನ್ನು ಹೋತವು. 2009ರಲ್ಲಿ, ಬಾಲ್ಯದಲ್ಲಿ ಹಿಂಸೆ ಉಂಡು ಮುಂದೆ ಆತ್ಮಹತ್ಯೆ ಮಾಡಿಕೊಂಡವರ ಮಿದುಳಿನಲ್ಲೂ ಇದೇ ಗ್ರಾಹಕದ ವಂಶವಾಹಿಗೆ ರಾಸಾಯನಿಕ ಬೀಗ ಬಿದ್ದಿದ್ದು ಕಂಡಿತು.

‘ನಾವೂ ಏಟು ತಿಂದೇ ಬೆಳೆದವರು, ಏನಾಗಿದೆ?’ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರದ 2007ರ ವರದಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತು. ಮೂವರಲ್ಲಿ ಇಬ್ಬರು ಏಟು ತಿಂದವರೇ. ಊರಿಗೆಲ್ಲ ಬಿದ್ದ ಏಟು ಮಾಮೂಲಿ ಅನ್ನಿಸೀತು, ಅಷ್ಟಕ್ಕೇ ನಿರಪಾಯವಾಗದು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವೈದ್ಯರಾದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ 1998ರಲ್ಲಿ ಕಂಡಂತೆ, ಬಾಲ್ಯದ ಕಹಿ ಹೆಚ್ಚಿದಷ್ಟೂ ನಡುವಯಸ್ಸಿನ ಹೃದ್ರೋಗವೂ ಹೆಚ್ಚು. ಇನ್ನೊಂದು ತಕರಾರು ಇದಕ್ಕಿಂತ ತೂಕದ್ದು: ಹೀಗೆ ನೊಂದವರಲ್ಲಿ ಕೆಲವು ಅಧ್ಯಯನಗಳ ಪ್ರಕಾರ ಕಾರ್ಟಿಸಾಲ್ ಹೆಚ್ಚು, ಇನ್ನು ಕೆಲವುಗಳ ಪ್ರಕಾರ ಕಡಿಮೆ, ಯಾವುದನ್ನು ನಂಬುವುದು? ಎರಡನ್ನೂ. ಒತ್ತಡದ ಮೊದಮೊದಲು ಏರುವ ಕಾರ್ಟಿಸಾಲ್ ವರ್ಷಗಳುರುಳಿದಂತೆ ಕುಗ್ಗುತ್ತದೆ. ಎಳೆದೆಳೆದು ಬಿಟ್ಟ ರಬ್ಬರ್ ಜೋತುಬೀಳುವ ಹಾಗೆ.

ಕರ್ನಾಟಕದ ರೇಷ್ಮೆ ನೂಲು ಬಿಚ್ಚಣಿಕೆಯಲ್ಲಿ ಮಕ್ಕಳು ಕುದಿನೀರಿಗೆ ಬೆರಳದ್ದಿ ಗೂಡಿನ ಎಳೆ ಹುಡುಕುವುದನ್ನೂ, ಮಾಲೀಕರ ಹೊಡೆತವನ್ನೂ ಹ್ಯೂಮನ್ ರೈಟ್ಸ್ ವಾಚ್ 1996ರಲ್ಲಿ, ಮತ್ತೆ 2003ರಲ್ಲಿ ದಾಖಲಿಸಿತು. ಬೆಂದ ಬೆರಳು ಎಲ್ಲರ ಕಣ್ಣಿಗೂ ಬಿತ್ತು. ಮೈಯೊಳಗೆ ಬಿದ್ದ ಏಟು ಕಾಣಲಿಲ್ಲ.

ಹಾಗಾದರೆ ಚಾಕಿ ಕೆಟ್ಟ ಹುಳುವಿನಂತೆ ಈ ಮಕ್ಕಳೂ ಮುಗಿದವರೇ? ಅಲ್ಲ, ಹೋಲಿಕೆ ಮುರಿಯುವುದೇ ಇಲ್ಲಿ. ರುಮೇನಿಯದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲೇ ಹೋದವರ ಕಾರ್ಟಿಸಾಲ್ ಪ್ರತಿಕ್ರಿಯೆ ಮನೆಯಲ್ಲೇ ಬೆಳೆದ ಮಕ್ಕಳದ್ದರಂತೆಯೇ ಇತ್ತೆಂದು 2015ರಲ್ಲಿ ವರದಿಯಾಯಿತು. ಬೇಗ ಕೈಹಿಡಿದರೆ ಮೈ ಚೇತರಿಸಿಕೊಳ್ಳಬಲ್ಲದು. ಅದಕ್ಕೇ, ಪಕ್ಕದ ಮನೆಯಲ್ಲಿ ಮಗುವಿಗೆ ಬೀಳುವ ಏಟು ಕೇಳಿಸಿದರೆ ‘ಅವರ ಮನೆ ವಿಚಾರ’ ಎಂದು ಬಾಗಿಲು ಹಾಕಿಕೊಳ್ಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಉಚಿತ.