ಅನ್ನಮಾರ್ಗದ ನಾಲ್ಕು ಬಾಗಿಲುಗಳು

ಮಳೆಗಾಲ ಮುಗಿದೊಡನೆ ನಮ್ಮ ಕಡೆ ತೋಡುಗಳಿಗೆ ಕಟ್ಟ ಹಾಕುವ ಕ್ರಮವಿದೆ. ನೀರು ಒಮ್ಮೆಲೇ ಹರಿದುಹೋದರೆ ತೋಟಕ್ಕೆ ಪ್ರಯೋಜನವಿಲ್ಲ. ತಡೆದು ನಿಲ್ಲಿಸಿ ಬೇಕಾದಷ್ಟನ್ನೇ ಬಿಡಬೇಕು. ನಾವು ಉಂಡ ಅನ್ನದ ವಿಷಯವೂ ಹೀಗೆಯೇ. ಅನ್ನಮಾರ್ಗವು ಬರಿಯ ಕೊಳವೆಯಲ್ಲ. ಅದಕ್ಕೆ ಅಲ್ಲಲ್ಲಿ ಸ್ನಾಯುಗಳ ಬಾಗಿಲುಗಳಿವೆ. ಅವುಗಳಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ನೋಡೋಣ.

ಮೊದಲನೆಯದು, ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಜಠರವನ್ನು ಸೇರುವಲ್ಲಿದೆ. ತುತ್ತು ಬಂದಾಗ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತದೆ. ಇದು ಸಡಿಲವಾದರೆ ಜಠರದ ಆಮ್ಲ ಮೇಲೇರಿ ಎದೆಯುರಿಯಾಗುತ್ತದೆ. ಹೊಟ್ಟೆ ತುಂಬ ಉಂಡು ಕೂಡಲೇ ಮಲಗುವವರಿಗೆ ಈ ತೊಂದರೆ ಹೆಚ್ಚು. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ.

ಎರಡನೆಯದು ಜಠರದ ಕೆಳಬಾಗಿಲು. ಒಂದೆರಡು ಮಿಲಿಮೀಟರಿಗಿಂತ ಸಣ್ಣದಾಗಿ ಅರೆದ ಆಹಾರವನ್ನೇ ಇದು ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ. ಜಿಡ್ಡಿನ ಪದಾರ್ಥ ಬಂದರೆ, ಅದನ್ನು ಪಿತ್ತರಸದೊಡನೆ ಬೆರೆಸಲು ಸಮಯ ಬೇಕೆಂದು ಸಣ್ಣ ಕರುಳೇ ಸೂಚನೆ ಕಳಿಸಿ ಜಠರವನ್ನು ನಿಧಾನಿಸುತ್ತದೆ. ಗಂಜಿ ಉಂಡ ಹೊಟ್ಟೆ ಬೇಗ ಹಸಿಯುವುದಕ್ಕೂ, ಮದುವೆಯೂಟ ಸಂಜೆಯವರೆಗೆ ನಿಲ್ಲುವುದಕ್ಕೂ ಇದೊಂದು ಕಾರಣ.

ಮೂರರಿಂದ ಆರು ವಾರಗಳ ಕೆಲವು ಶಿಶುಗಳಲ್ಲಿ ಈ ಬಾಗಿಲಿನ ಸ್ನಾಯು ದಪ್ಪವಾಗಿ ದಾರಿ ಕಟ್ಟಿಕೊಳ್ಳುತ್ತದೆ. ಕುಡಿದ ಹಾಲು ಚಿಮ್ಮಿ ಹೊರಬರುತ್ತದೆ. ಮಗು ಮತ್ತೆ ಹಸಿದು ಅಳುತ್ತದೆ, ತೂಕ ಇಳಿಯುತ್ತದೆ. ಇದನ್ನು ದೃಷ್ಟಿದೋಷವೆಂದು ಭಾವಿಸಿ ದಿನ ಕಳೆಯಬಾರದು. ಜರ್ಮನಿಯ ವೈದ್ಯ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯಲ್ಲಿ, ಆ ಸ್ನಾಯುವನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಸಾಕು. ಸಕಾಲದಲ್ಲಿ ಆಸ್ಪತ್ರೆಗೆ ಒಯ್ದರೆ ಮಗು ಸಂಪೂರ್ಣ ಗುಣವಾಗುತ್ತದೆ.

ಮೂರನೆಯದು, ಹೊಟ್ಟೆಯ ಬಲಭಾಗದ ಕೆಳಗೆ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕವಾಟ. ಸಾರವನ್ನು ಹೀರಿ ಮುಗಿಸುವಷ್ಟು ಹೊತ್ತು ಆಹಾರವನ್ನು ತಡೆಯುವುದು ಇದರ ಒಂದು ಕೆಲಸ. ದೊಡ್ಡ ಕರುಳಿನ ಅಸಂಖ್ಯ ಬ್ಯಾಕ್ಟೀರಿಯಾಗಳು ಹಿಂದಕ್ಕೆ ನುಗ್ಗದಂತೆ ಕಾಯುವುದು ಇನ್ನೊಂದು.

ಕೊನೆಯದು ಗುದದ್ವಾರ. ಇಲ್ಲಿ ಎರಡು ಉಂಗುರಗಳಿವೆ. ಒಳಗಿನದು ತಾನಾಗಿ ನಡೆಯುವಂತಹುದು, ಹೊರಗಿನದು ನಮ್ಮ ಇಚ್ಛೆಗೆ ಒಳಪಟ್ಟದ್ದು. ಶಾಲೆಯಲ್ಲಿ ನಾಚಿಕೆಯಿಂದಲೋ ಶೌಚಾಲಯ ಶುಚಿಯಾಗಿಲ್ಲವೆಂದೋ ತಡೆದಿಟ್ಟುಕೊಳ್ಳುವ ಮಕ್ಕಳು ಅನೇಕ. ತಡೆದಷ್ಟೂ ನೀರಿನಂಶ ಹೀರಲ್ಪಟ್ಟು ಮಲ ಗಟ್ಟಿಯಾಗುತ್ತದೆ. ನೋವಿಗೆ ಅಂಜಿ ಮಗು ಮತ್ತಷ್ಟು ತಡೆಯುತ್ತದೆ.

ಬೆಳಗ್ಗಿನ ಉಪಾಹಾರದ ಬಳಿಕ ದೊಡ್ಡ ಕರುಳು ಸಹಜವಾಗಿಯೇ ಚುರುಕಾಗುತ್ತದೆ. ಮಕ್ಕಳನ್ನು ಬಸ್ಸಿಗೆ ಓಡಿಸುವ ಮೊದಲು ಹತ್ತು ನಿಮಿಷದ ಬಿಡುವು ಕೊಡಿ. ಶಾಲೆಯ ಶೌಚಾಲಯ ಹೇಗಿದೆಯೆಂದು ರಕ್ಷಕರ ಸಭೆಯಲ್ಲಿ ಸಂಕೋಚವಿಲ್ಲದೆ ವಿಚಾರಿಸಿ. ಉಳಿದ ಬಾಗಿಲುಗಳನ್ನು ದೇಹವೇ ಕಾಯುತ್ತದೆ. ಈ ಕೊನೆಯ ಬಾಗಿಲಿನ ಹೊಣೆ ನಮ್ಮದೂ ಹೌದು.